ದಂತದ ಪ್ರಶ್ನೆಗೆ ಭಾರತದ ಮೌನ

ಪನಾಮಾ ನಗರದಲ್ಲಿ 2022ರ ನವೆಂಬರ್‌ನಲ್ಲಿ ನಡೆದ ಒಂದು ಮತದಾನ ನಮ್ಮ ದೇಶದಲ್ಲಿ ಅಷ್ಟಾಗಿ ಚರ್ಚೆಗೆ ಬರಲಿಲ್ಲ. ಆನೆದಂತದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಮತ್ತೆ ಬಾಗಿಲು ತೆರೆಯಬೇಕೆಂಬ ದಕ್ಷಿಣ ಆಫ್ರಿಕಾ ಖಂಡಭಾಗದ ರಾಷ್ಟ್ರಗಳ ಪ್ರಸ್ತಾವ ಅಲ್ಲಿ ಸೋತಿತು. ಸೋಲು ನಿರೀಕ್ಷಿತವೇ ಆಗಿತ್ತು. ಆದರೆ ದಶಕಗಳಿಂದ ಇಂಥ ಪ್ರಸ್ತಾವಗಳನ್ನು ವಿರೋಧಿಸುತ್ತಲೇ ಬಂದಿದ್ದ ಭಾರತ ಈ ಬಾರಿ ವಿರೋಧಿಸಲೂ ಇಲ್ಲ, ಬೆಂಬಲಿಸಲೂ ಇಲ್ಲ, ತಟಸ್ಥವಾಗಿ ಉಳಿಯಿತು.

ಅಳಿವಿನಂಚಿನಲ್ಲಿರುವ ಪ್ರಾಣಿ ಮತ್ತು ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಈ ಒಪ್ಪಂದವನ್ನು ಸಂಕ್ಷಿಪ್ತವಾಗಿ ‘ಸೈಟಿಸ್’ ಎನ್ನುತ್ತಾರೆ. 1973ರಲ್ಲಿ ವಾಷಿಂಗ್ಟನ್‌ನಲ್ಲಿ ರೂಪುಗೊಂಡು 1975ರಲ್ಲಿ ಜಾರಿಗೆ ಬಂದ ಒಪ್ಪಂದಕ್ಕೆ ಭಾರತ 1976ರಲ್ಲಿ ಸೇರಿತು. ಇಂದು 180ಕ್ಕೂ ಹೆಚ್ಚು ಸದಸ್ಯರಿದ್ದಾರೆ. ಒಪ್ಪಂದದ ಜೀವಾಳವೆಲ್ಲ ಅದರ ಅನುಬಂಧಗಳಲ್ಲಿದೆ. ಮೊದಲ ಅನುಬಂಧಕ್ಕೆ ಸೇರಿದ ಜೀವಿಯ ವಾಣಿಜ್ಯ ವಹಿವಾಟು ನಿಷಿದ್ಧ. ಎರಡನೆಯದಕ್ಕೆ ಸೇರಿದ್ದನ್ನು ಪರವಾನಗಿಯ ಮೇಲೆ ಮಾರಬಹುದು. ಯಾವ ಜೀವಿ ಎಲ್ಲಿರಬೇಕೆಂಬುದನ್ನು ಸುಮಾರು ಮೂರು ವರ್ಷಕ್ಕೊಮ್ಮೆ ಸೇರುವ ಸದಸ್ಯ ರಾಷ್ಟ್ರಗಳು ಮೂರನೇ ಎರಡರಷ್ಟು ಬಹುಮತದಿಂದ ತೀರ್ಮಾನಿಸುತ್ತವೆ. ಈ ಲೆಕ್ಕದಲ್ಲಿ ತಟಸ್ಥ ಮತಗಳು ಬರುವುದಿಲ್ಲ. ಹಾಗಾಗಿ ವಿರೋಧಿಸಬೇಕಾದ ರಾಷ್ಟ್ರವೊಂದು ಸುಮ್ಮನೆ ಕುಳಿತರೆ ಪ್ರಸ್ತಾವ ಗೆಲ್ಲಲು ಬೇಕಾದ ಮತಗಳ ಸಂಖ್ಯೆ ಅಷ್ಟರಮಟ್ಟಿಗೆ ಇಳಿಯುತ್ತದೆ. ತಾಟಸ್ಥ್ಯವೆಂಬುದು ಇಲ್ಲಿ ನಿರುಪದ್ರವಿ ನಿಲುವಲ್ಲ.

ಏಷ್ಯಾದ ಆನೆ 1975ರಿಂದಲೇ ಮೊದಲ ಅನುಬಂಧದಲ್ಲಿದೆ. ಆಫ್ರಿಕಾದ ಆನೆಗೆ ಆ ರಕ್ಷಣೆ ಸಿಗಲು ಹದಿನಾಲ್ಕು ವರ್ಷ ಹಿಡಿಯಿತು. 1979ರಲ್ಲಿ ಸುಮಾರು 13 ಲಕ್ಷವೆಂದು ಅಂದಾಜಿಸಲಾಗಿದ್ದ ಅಲ್ಲಿನ ಆನೆಗಳ ಸಂಖ್ಯೆ ಹತ್ತೇ ವರ್ಷಗಳಲ್ಲಿ ಆರು ಲಕ್ಷದ ಆಸುಪಾಸಿಗೆ ಕುಸಿಯಿತು. 1989ರ ಜುಲೈಯಲ್ಲಿ ಕೀನ್ಯಾದ ಅಧ್ಯಕ್ಷ ಡೇನಿಯಲ್ ಅರಪ್ ಮೋಯ್ 12 ಟನ್ ದಂತದ ರಾಶಿಗೆ ಬಹಿರಂಗವಾಗಿ ಬೆಂಕಿ ಇಟ್ಟರು. ಬಡ ದೇಶವೊಂದು ಕೋಟಿಗಟ್ಟಲೆ ಬೆಲೆಯ ಸರಕನ್ನು ಸುಟ್ಟ ದೃಶ್ಯ ಜಗತ್ತನ್ನು ಬೆಚ್ಚಿಬೀಳಿಸಿತು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಸೇರಿದ ಸಭೆ ಆಫ್ರಿಕಾದ ಆನೆಯನ್ನೂ ಮೊದಲ ಅನುಬಂಧಕ್ಕೆ ಸೇರಿಸಿತು. ದಂತದ ಬೆಲೆ ನೆಲಕಚ್ಚಿತು; ಹಲವು ದೇಶಗಳಲ್ಲಿ ಬೇಟೆ ತಗ್ಗಿತು. ಕಾಗದದ ಮೇಲಿನ ಒಪ್ಪಂದವೊಂದು ಕಾಡಿನ ಪ್ರಾಣಿಯ ಜೀವ ಉಳಿಸಿದ ಉದಾಹರಣೆಗಳಲ್ಲಿ ಇದಕ್ಕಿಂತ ಸ್ಪಷ್ಟವಾದದ್ದು ವಿರಳ.

ಆದರೆ ದಕ್ಷಿಣ ಆಫ್ರಿಕಾ ಭಾಗದ ದೇಶಗಳ ವಾದವನ್ನು ತಳ್ಳಿಹಾಕುವಂತಿಲ್ಲ. ನಮೀಬಿಯಾ, ಬೋಟ್ಸ್ವಾನಾಗಳಲ್ಲಿ ಆನೆಗಳು ಚೆನ್ನಾಗಿಯೇ ಇದ್ದವು. ನಮ್ಮ ಆನೆಗಳನ್ನು ನಾವು ಕಾಪಾಡಿಕೊಂಡಿದ್ದೇವೆ, ಹೊಲ ತುಳಿಸಿಕೊಳ್ಳುತ್ತಿರುವವರು ನಮ್ಮ ರೈತರು. ಸಹಜವಾಗಿ ಸತ್ತ ಆನೆಯ ದಂತವನ್ನು ಮಾರಿ ಆ ಹಣವನ್ನು ಸಂರಕ್ಷಣೆಗೇ ಬಳಸಿದರೆ ತಪ್ಪೇನು ಎಂಬುದು ಅವರ ಪ್ರಶ್ನೆ. ಸಕಲೇಶಪುರದ, ಕೊಡಗಿನ ಕಾಫಿ ಬೆಳೆಗಾರರಿಗೆ ಈ ಪ್ರಶ್ನೆಯ ಬಿಸಿ ಅರ್ಥವಾದೀತು. ಅವರ ಒತ್ತಡಕ್ಕೆ ಮಣಿದ 1997ರ ಹರಾರೆ ಸಭೆ ಬೋಟ್ಸ್ವಾನಾ, ನಮೀಬಿಯಾ, ಜಿಂಬಾಬ್ವೆಗಳ ಆನೆಗಳನ್ನು ಎರಡನೇ ಅನುಬಂಧಕ್ಕೆ ಇಳಿಸಿತು. 1999ರಲ್ಲಿ ಸುಮಾರು 50 ಟನ್ ದಂತ ಜಪಾನಿಗೆ ಹೋಯಿತು. 2008ರಲ್ಲಿ ನೂರು ಟನ್ನಿಗೂ ಹೆಚ್ಚು ದಂತವನ್ನು ಚೀನಾ ಮತ್ತು ಜಪಾನ್ ಖರೀದಿಸಿದವು.

ಆಮೇಲೆ ನಡೆದದ್ದು ಗೊತ್ತೇ ಇದೆ. ಚೀನಾದ ಹೊಸ ಸಿರಿವಂತರಿಗೆ ದಂತ ಮತ್ತೆ ಪ್ರತಿಷ್ಠೆಯ ವಸ್ತುವಾಯಿತು. ಪರವಾನಗಿ ಪಡೆದ ಅಂಗಡಿಯ ದಂತ ಯಾವುದು, ಕಳ್ಳದಂತ ಯಾವುದು ಎಂದು ಕಣ್ಣಳತೆಯಿಂದ ಹೇಳಲು ಯಾರಿಂದಲೂ ಆಗದು. 2011ರ ಹೊತ್ತಿಗೆ ಆಫ್ರಿಕಾದಲ್ಲಿ ಬೇಟೆ ತುತ್ತತುದಿಗೆ ಮುಟ್ಟಿತ್ತು. 2016ರಲ್ಲಿ ಪ್ರಕಟವಾದ ‘ಮಹಾ ಆನೆಗಣತಿ’ 18 ದೇಶಗಳ ಹುಲ್ಲುಗಾವಲುಗಳಲ್ಲಿ 3,52,271 ಆನೆಗಳನ್ನು ಎಣಿಸಿ, 2007ರಿಂದ 2014ರ ನಡುವೆ ಶೇ 30ರಷ್ಟು ಆನೆಗಳು ಕಣ್ಮರೆಯಾದವೆಂದು ವರದಿ ಮಾಡಿತು. 2008ರ ಮಾರಾಟವೇ ಇದಕ್ಕೆ ಕಾರಣವೆಂದು ಇಬ್ಬರು ಸಂಶೋಧಕರು ಅಂಕಿಅಂಶಗಳೊಂದಿಗೆ ವಾದಿಸಿದರು; ಒಪ್ಪಂದದ ಉಸ್ತುವಾರಿ ವ್ಯವಸ್ಥೆಯ ತಜ್ಞರು ಅದನ್ನು ಒಪ್ಪಲಿಲ್ಲ. ವಿವಾದ ಏನೇ ಇರಲಿ, ಮಾರಾಟದಿಂದ ಕಳ್ಳಬೇಟೆ ತಗ್ಗುತ್ತದೆಂಬ ಭರವಸೆಯಂತೂ ಸುಳ್ಳಾಯಿತು. ಚೀನಾ ಕಡೆಗೂ 2017ರ ಅಂತ್ಯಕ್ಕೆ ತನ್ನ ದೇಶದೊಳಗಿನ ದಂತದ ಮಾರುಕಟ್ಟೆಯನ್ನು ಮುಚ್ಚಿತು.

ಆಫ್ರಿಕಾದ ದಂತಕ್ಕೂ ನಮಗೂ ಏನು ಸಂಬಂಧ ಎಂದು ಕೇಳುವವರು ನಮ್ಮದೇ ಇತಿಹಾಸವನ್ನು ನೋಡಬೇಕು. ಭಾರತೀಯ ಆನೆಯ ದಂತದ ವ್ಯಾಪಾರವನ್ನು 1986ರಲ್ಲಿ ನಿಷೇಧಿಸಿದ ಮೇಲೂ ಆಮದು ಮಾಡಿದ ಆಫ್ರಿಕಾದ ದಂತಕ್ಕೆ ಅವಕಾಶವಿತ್ತು. ನಮ್ಮ ಕಾಡಿನ ದಂತಕ್ಕೆ ಆಫ್ರಿಕಾದ ಹೆಸರಿಟ್ಟು ಮಾರಲು ಇದೊಂದು ಕಿಂಡಿಯಾಯಿತು. 1991ರ ತಿದ್ದುಪಡಿ ಆ ಕಿಂಡಿಯನ್ನೂ ಮುಚ್ಚಿತು. ದಂತದ ವರ್ತಕರು ಸುಪ್ರೀಂ ಕೋರ್ಟಿನ ತನಕ ಹೋದರೂ 2003ರಲ್ಲಿ ನಿಷೇಧವೇ ಗೆದ್ದಿತು. ಏಷ್ಯಾದ ಹೆಣ್ಣಾನೆಗೆ ಹೊರಚಾಚುವ ದಂತವಿಲ್ಲವಾದ್ದರಿಂದ ಬೇಟೆಗಾರರ ಗುಂಡಿಗೆ ಬಲಿಯಾಗುವುದು ಸಲಗಗಳು ಮಾತ್ರ. ವೀರಪ್ಪನ್‌ನಂಥವರ ಹಾವಳಿಯ ಕಾಲದಲ್ಲಿ ದಕ್ಷಿಣದ ಕಾಡುಗಳಲ್ಲಿ ಆನೆಗಳ ಒಟ್ಟು ಸಂಖ್ಯೆ ಕುಸಿಯದಿದ್ದರೂ ಗಂಡು–ಹೆಣ್ಣುಗಳ ಪ್ರಮಾಣ ಹದಗೆಟ್ಟಿತು. ಕೇರಳದ ಪೆರಿಯಾರ್‌ನಲ್ಲಿ ನೂರು ವಯಸ್ಕ ಹೆಣ್ಣಾನೆಗಳಿಗೆ ಒಂದು ವಯಸ್ಕ ಗಂಡು ಎಂಬ ಸ್ಥಿತಿ ಬಂದಿತ್ತು. 2025ರ ಡಿಎನ್ಎ ಆಧಾರಿತ ಅಂದಾಜಿನ ಪ್ರಕಾರ ದೇಶದ 22,446 ಆನೆಗಳಲ್ಲಿ 6,013 ಕರ್ನಾಟಕದಲ್ಲೇ ಇವೆ. ದಂತದ ಬೆಲೆ ಏರಿದರೆ ಮೊದಲು ಕಳೆದುಕೊಳ್ಳುವವರು ನಾವೇ. ಕಾಡಿನಲ್ಲಿ ಸಿಕ್ಕ ಪ್ರತಿ ಆನೆಯ ಶವ ಹೇಗೆ ಬಿತ್ತೆಂದು ದಾಖಲಿಸುವ ಸೈಟಿಸ್‌ನ ಉಸ್ತುವಾರಿ ತಾಣಗಳಲ್ಲಿ ಮೈಸೂರು ಪ್ರದೇಶವೂ ಒಂದು.

ಇದನ್ನೆಲ್ಲ ಬಲ್ಲ ಭಾರತ 2000 ಮತ್ತು 2002ರಲ್ಲಿ ಕೀನ್ಯಾದ ಜೊತೆಗೂಡಿ ದಂತ ವ್ಯಾಪಾರವನ್ನು ಪೂರ್ತಿ ಮುಚ್ಚಲು ತಾನೇ ಪ್ರಸ್ತಾವ ಮಂಡಿಸಿತ್ತು. ಹಾಗಿದ್ದರೆ 2022ರಲ್ಲಿ ಆದದ್ದೇನು? ಆ ವರ್ಷದ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ ಎಂಟು ಚೀತಾಗಳು ಮಧ್ಯಪ್ರದೇಶದ ಕುನೊ ಕಾಡಿಗೆ ಬಂದಿಳಿದವು. ಅದಕ್ಕೂ ಮೊದಲು, ಜುಲೈಯಲ್ಲಿ, ಎರಡೂ ದೇಶಗಳು ಸಹಿ ಹಾಕಿದ ಒಡಂಬಡಿಕೆಯಲ್ಲಿ ಜೀವವೈವಿಧ್ಯದ ‘ಸುಸ್ಥಿರ’ ಬಳಕೆ ಹಾಗೂ ನಿರ್ವಹಣೆಯನ್ನು ಸೈಟಿಸ್‌ನಂಥ ವೇದಿಕೆಗಳಲ್ಲಿ ಬೆಂಬಲಿಸುವ ಮಾತಿತ್ತು. ದಂತವೆಂಬ ಪದ ಅದರಲ್ಲಿರಲಿಲ್ಲ. ಆದರೆ ಮತದಾನಕ್ಕೆ ಮುನ್ನ ನಮೀಬಿಯಾ ಆ ಮಾತನ್ನು ನೆನಪಿಸಿ ಬೆಂಬಲ ಕೋರಿತ್ತೆಂಬುದು ಪತ್ರಿಕೆಗಳಲ್ಲಿ ವರದಿಯಾಗಿದೆ. ಚೀತಾ ಬೇಕಿತ್ತೇ ಎಂಬುದು ಬೇರೆಯ ಚರ್ಚೆ. ಆನೆಯ ಕುರಿತಾದ ನಿಲುವನ್ನು ಅದರೊಂದಿಗೆ ತಳಕುಹಾಕಿದ್ದು ಮಾತ್ರ ಒಪ್ಪತಕ್ಕದ್ದಲ್ಲ.

ಒಪ್ಪಂದಗಳ ಭಾರ ಯಾರ ಹೆಗಲಿಗೆ ಬೀಳುತ್ತದೆ ಎಂಬುದನ್ನೂ ನೋಡಬೇಕು. ಮೈಸೂರಿನ ಕೆತ್ತನೆಯ ಕುಶಲಕರ್ಮಿಗಳು ಒಂದು ಕಾಲಕ್ಕೆ ಬೀಟೆ ಮರದಲ್ಲಿ ದಂತವನ್ನು ಕೂರಿಸಿ ಚಿತ್ರ ಬಿಡಿಸುತ್ತಿದ್ದರು. ಅರಮನೆಯ ಬಾಗಿಲುಗಳಲ್ಲಿ ಆ ಕೆಲಸವನ್ನು ಈಗಲೂ ನೋಡಬಹುದು. ದಂತ ನಿಷೇಧವಾದಾಗ ಅವರು ಬಣ್ಣದ ಮರದ ಚೂರು, ಪ್ಲಾಸ್ಟಿಕ್ಕಿಗೆ ಹೊಂದಿಕೊಂಡರು. 2017ರ ಜನವರಿಯಿಂದ ಬೀಟೆಯೇ ಎರಡನೇ ಅನುಬಂಧಕ್ಕೆ ಸೇರಿತು. ಚೀನಾದ ಪೀಠೋಪಕರಣ ಮಾರುಕಟ್ಟೆಗಾಗಿ ಜಗತ್ತಿನಾದ್ಯಂತ ಬೀಟೆಯ ಬಳಗದ ಮರಗಳನ್ನು ಕಡಿಯುತ್ತಿದ್ದುದು ಇದಕ್ಕೆ ಕಾರಣ. ಆದರೆ ಹೊರದೇಶಕ್ಕೆ ಹೋಗುವ ಸಣ್ಣ ಪೆಟ್ಟಿಗೆಗೂ ಪರವಾನಗಿ ಬೇಕಾಯಿತು. 2019ರಲ್ಲಿ ಸ್ವಲ್ಪ, 2022ರಲ್ಲಿ ಇನ್ನಷ್ಟು ವಿನಾಯಿತಿ ದೊರೆಯಿತು: ಒಂದೊಂದು ವಸ್ತುವಿನಲ್ಲಿರುವ ಮರದ ತೂಕ ಹತ್ತು ಕಿಲೋಗಿಂತ ಕಡಿಮೆಯಿದ್ದರೆ ಒಟ್ಟಾಗಿ ಎಷ್ಟು ಕಳಿಸಿದರೂ ಪರವಾನಗಿ ಬೇಡ. ದಂತದ ವಿಷಯದಲ್ಲಿ ಮೌನ ತಾಳಿದ ಅದೇ ಪನಾಮಾ ಸಭೆಯಲ್ಲಿ ಭಾರತ ತನ್ನ ಕುಶಲಕರ್ಮಿಗಳಿಗಾಗಿ ಗಟ್ಟಿಯಾಗಿ ವಾದಿಸಿ ಗೆದ್ದು ಬಂದಿತು. ದನಿ ಎತ್ತಲು ನಮ್ಮ ನಿಯೋಗಕ್ಕೆ ಬರುವುದಿಲ್ಲವೆಂದೇನಲ್ಲ.

ಇನ್ನು ನಮ್ಮ ಕಾನೂನಿನ ಮಾತು. 1976ರಲ್ಲೇ ಒಪ್ಪಂದಕ್ಕೆ ಸೇರಿದ್ದರೂ ಅದರ ವಿಧಿಗಳನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಳಗೆ ತಂದದ್ದು 2022ರ ತಿದ್ದುಪಡಿಯಲ್ಲಿ. ಅಲ್ಲಿಯವರೆಗೆ ಸುಂಕ ಮತ್ತು ವಿದೇಶ ವ್ಯಾಪಾರದ ನಿಯಮಗಳಲ್ಲೇ ಸರ್ಕಾರ ಕಾಲ ತಳ್ಳುತ್ತಿತ್ತು. ಅದೇ ತಿದ್ದುಪಡಿ ಸಾಕಿದ ಆನೆಗಳನ್ನು ಧಾರ್ಮಿಕ ‘ಅಥವಾ ಇತರ ಯಾವುದೇ ಉದ್ದೇಶ’ಕ್ಕೆ ಹಸ್ತಾಂತರಿಸಲು ಅವಕಾಶ ಕಲ್ಪಿಸಿತು. ಇಷ್ಟು ಸಡಿಲ ಪದಗಳು ಕಾಯ್ದೆಯೊಳಗೆ ಏಕೆ ಬಂದವೆಂದು ಸಂಸತ್ತಿನ ಸದಸ್ಯರು ಕೇಳಬೇಕು. ಪನಾಮಾದಲ್ಲಿ ಭಾರತ ಯಾವ ಕಾರಣಕ್ಕೆ ಮತ ಹಾಕದೆ ಉಳಿಯಿತು, ನಮೀಬಿಯಾದೊಂದಿಗಿನ ಒಡಂಬಡಿಕೆಯ ಆ ಸಾಲು ದಂತಕ್ಕೂ ಅನ್ವಯಿಸುತ್ತದೆಯೇ ಎಂಬುದನ್ನು ಪರಿಸರ ಸಚಿವಾಲಯದಿಂದ ಲಿಖಿತವಾಗಿಯೇ ಪಡೆಯಬೇಕು. ಆರು ಸಾವಿರ ಆನೆಗಳಿರುವ ರಾಜ್ಯದಿಂದ ಆರಿಸಿಹೋದವರು ಈ ಪ್ರಶ್ನೆಯನ್ನು ಮೊದಲು ಎತ್ತಿದರೆ ಅದು ಅಸಹಜವೆನಿಸದು.