ಒಲೆ ಎಷ್ಟು, ಬಾಗಿಲು ಎಷ್ಟು?

2009ರ ಅಕ್ಟೋಬರ್. ಬನ್ನಿ ಹಂಚಿ ಇನ್ನೂ ವಾರ ಆಗಿತ್ತಷ್ಟೇ. ಮಾನ್ವಿ ತಾಲ್ಲೂಕಿನ ನಮ್ಮ ದೊಡ್ಡವ್ವನ ಊರಿಗೆ ತುಂಗಭದ್ರೆ ನುಗ್ಗಿದ ಸುದ್ದಿ ಬಂತು. ನಾನಾಗ ರಾಯಚೂರಿನಲ್ಲಿ ಹೈಸ್ಕೂಲು. ಅಪ್ಪ ನಾಲ್ಕು ಚಾದರ, ಒಂದು ಚೀಲ ಮಂಡಾಳು, ಬ್ರೆಡ್ಡು ಕಟ್ಟಿಕೊಂಡು ಹೊರಟ್ರು. ನಾನೂ ಬೆನ್ನು ಹತ್ತಿದೆ. ದೊಡ್ಡವ್ವನ ಮನೆಯವರು ಇದ್ದದ್ದು ಪಕ್ಕದ ಊರಿನ ಸರ್ಕಾರಿ ಶಾಲೆಯಲ್ಲಿ. ಬೆಂಚುಗಳನ್ನ ವರಾಂಡದಲ್ಲಿ ಪೇರಿಸಿಟ್ಟಿದ್ರು. ಕರಿಹಲಗೆ ಮೇಲೆ ಯಾರೋ ಸೀಮೆಸುಣ್ಣದಲ್ಲಿ ಓಣಿಗಳ ಹೆಸರು ಬರೆದಿದ್ರು.

ನನಗೆ ಚೆನ್ನಾಗಿ ನೆನಪಿರೋದು ಹೆಡ್‌ಮಾಸ್ತರ ಕೈಯಲ್ಲಿದ್ದ ನೋಟ್‌ಬುಕ್ಕು. ಬೆಳಿಗ್ಗೆ ಉಪ್ಪಿಟ್ಟಿನ ಹೊತ್ತಿಗೆ ಒಂದು ಲೆಕ್ಕ, ಮಧ್ಯಾಹ್ನ ಅದರ ಅರ್ಧ, ರಾತ್ರಿ ಊಟಕ್ಕೆ ದುಪ್ಪಟ್ಟು. ಮೇಲಿನಿಂದ ಫೋನ್ ಬಂದಾಗ ಅವರಿಗೆ ಯಾವ ಸಂಖ್ಯೆ ಹೇಳಬೇಕು ಅಂತ ತಿಳೀತಿರಲಿಲ್ಲ. 'ನಿನ್ನೆ ಇಷ್ಟಿದ್ರು ಅಂದ್ರಿ, ಇವತ್ತು ಇಷ್ಟ ಅಂತೀರಿ, ನಡುವಿನ ಮಂದಿ ಎಲ್ಲಿ ಹೋದ್ರು?' ಅಂತ ಆ ಕಡೆಯಿಂದ ಗದರಿಕೆ.

ನಿಜಕ್ಕೂ ಎಲ್ಲಿ ಹೋಗಿದ್ರು? ಗಂಡಸರು ಬೆಳಗಾದ್ರೆ ಊರ ಕಡೆ ನಡೀತಿದ್ರು. ಹೊಳೆ ದಂಡೆಯ ಪಂಪ್‌ಸೆಟ್ ಸಿಗುತ್ತಾ ನೋಡೋಕೆ, ದಿಬ್ಬದ ಮೇಲೆ ಕಟ್ಟಿದ್ದ ಎಮ್ಮೆಗೆ ಮೇವು ಹಾಕೋಕೆ, ಬಿದ್ದ ಗೋಡೆ ಅಡಿಯಿಂದ ಪಾತ್ರೆ ತೆಗೆಯೋಕೆ. ವಯಸ್ಸಿಗೆ ಬಂದ ಹೆಣ್ಣುಮಕ್ಕಳನ್ನ ರಾತ್ರಿ ಶಾಲೆಯಲ್ಲಿ ಮಲಗಿಸೋಕೆ ಮನಸ್ಸಾಗದೆ ಬೀಗರ ಮನೆಗೆ ಕಳಿಸ್ತಿದ್ರು. ಕೆಲವರು ಹಗಲೆಲ್ಲ ಹೊಲದಲ್ಲಿದ್ದು ಊಟಕ್ಕಷ್ಟೇ ಬರೋರು. ಎಲ್ಲರೂ ಸಂತ್ರಸ್ತರೇ. ಆದ್ರೆ ಯಾರೂ ಒಂದೇ ಜಾಗದಲ್ಲಿ ಕೂತಿರಲಿಲ್ಲ.

ಆ ವರ್ಷದ ನೆರೆ ಎಷ್ಟು ದೊಡ್ಡದು ಅನ್ನೋದು ಆಗ ನನಗೆ ಗೊತ್ತಿರಲಿಲ್ಲ. ರಾಯಚೂರು ಅಂದ್ರೆ ಎಡದೊರೆ ನಾಡು, ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಎರಡು ಹೊಳೆ ನಡುವೆ ಇದ್ದೂ ಮಳೆಗೆ ಬಾಯಿಬಿಡೋ ಜಿಲ್ಲೆ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ದಿನಗಳವರೆಗೆ ಉತ್ತರ ಕರ್ನಾಟಕದ ಒಣ ಬಯಲಿನ ಮೇಲೇ ಮಳೆ ಸುರಿದು, ಹಳ್ಳಗಳೆಲ್ಲ ಒಟ್ಟಿಗೇ ಹೊಳೆ ಸೇರಿದವು. ಅಕ್ಟೋಬರ್ 2ರ ಹೊತ್ತಿಗೆ ಆಚೆ ದಂಡೆಯ ಮಂತ್ರಾಲಯದ ಮಠದೊಳಗೆ ನೀರು, ಕರ್ನೂಲು ನಗರ ಮುಳುಗಿತ್ತು. ರಾಜ್ಯದಲ್ಲಿ ಸತ್ತವರೇ 200ಕ್ಕೂ ಹೆಚ್ಚು.

ಆ ಶಾಲೆಗೆ ಆಗಿನ ಹೆಸರು ಗಂಜಿ ಕೇಂದ್ರ. ಈಗ ಸರ್ಕಾರಿ ಕಾಗದಗಳಲ್ಲಿ ಅದು ಕಾಳಜಿ ಕೇಂದ್ರ. ಹೆಸರು ಬದಲಾದದ್ದು ಒಳ್ಳೇದೇ. ಆದ್ರೆ ಹಳೇ ಹೆಸರಿನಲ್ಲಿ ಒಂದು ಪ್ರಾಮಾಣಿಕತೆ ಇತ್ತು ಅನ್ಸುತ್ತೆ. ಅಲ್ಲಿ ನಡೀತಿದ್ದ ಲೆಕ್ಕ ತಟ್ಟೆಯ ಲೆಕ್ಕವೇ. ಎಷ್ಟು ಮಂದಿ ಉಂಡ್ರು ಅನ್ನೋದೊಂದೇ ಕಾಲಂ.

ಕಾಲಂ ವಿಷಯಕ್ಕೆ ಬಂದೆ, ಯಾಕಂದ್ರೆ ಈಗ ನನ್ನ ಹೊಟ್ಟೆಪಾಡೇ ಅದು. ಬೆಂಗಳೂರಲ್ಲಿ ಕೂತು ಡೇಟಾಬೇಸಿನ ಟೇಬಲ್ ಕಟ್ಟೋ ಕೆಲಸ. ಎರಡು ವರ್ಷದ ಹಿಂದೆ ಆಫೀಸಿನ ಯಾವುದೋ ಕೆಲಸಕ್ಕೆ ಹುಡುಕುವಾಗ ಡಿಸ್‌ಪ್ಲೇಸ್‌ಮೆಂಟ್ ಟ್ರ್ಯಾಕಿಂಗ್ ಮ್ಯಾಟ್ರಿಕ್ಸ್ ಅನ್ನೋದು ಕಣ್ಣಿಗೆ ಬಿತ್ತು. ಚಿಕ್ಕದಾಗಿ ಡಿಟಿಎಂ. ಅಂತರರಾಷ್ಟ್ರೀಯ ವಲಸೆ ಸಂಸ್ಥೆ 2004ರಲ್ಲಿ ಇರಾಕಿನಲ್ಲಿ ಶುರು ಮಾಡಿದ್ದು. ಊರು ಬಿಟ್ಟವರು ಎಲ್ಲಿದ್ದಾರೆ, ಎಲ್ಲಿಂದ ಬಂದ್ರು, ಮುಂದೆ ಎಲ್ಲಿಗೆ ಹೋಗೋ ಯೋಚನೆ, ಏನು ಬೇಕು ಅಂತ ಕೇಳೋದು. ಮತ್ತೆ ಕೆಲವು ವಾರ ಬಿಟ್ಟು ಅದನ್ನೇ ಕೇಳೋದು. ಇದರ ಜೀವ ಇರೋದು ಆ 'ಮತ್ತೆ'ಯಲ್ಲಿ. ನಮ್ಮಲ್ಲಿ ಪಂಚನಾಮೆ ಒಂದ್ಸಲ ಆಯ್ತು ಅಂದ್ರೆ ಕಲ್ಲಲ್ಲಿ ಕೆತ್ತಿದ ಹಾಗೆ.

2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪ ಆದಾಗ ಈ ಪದ್ಧತಿಗೆ ದೊಡ್ಡ ಪರೀಕ್ಷೆ ಎದುರಾಯ್ತು. ಆ ವರ್ಷ ಒಂದು ಹಂತದಲ್ಲಿ ಸುಮಾರು 15 ಲಕ್ಷ ಜನ ಶಿಬಿರಗಳಲ್ಲಿದ್ರು. ಅದೇ ಹೈಟಿಯಲ್ಲಿ ಸ್ವೀಡನ್ನಿನ ಸಂಶೋಧಕರ ಇನ್ನೊಂದು ತಂಡ ಮೊಬೈಲ್ ಕಂಪನಿಯಿಂದ ಹೆಸರು ತೆಗೆದ ಸಿಮ್ ದಾಖಲೆ ಪಡೆದು, ಯಾವ ಸಿಮ್ ಯಾವ ಟವರಿನಿಂದ ಯಾವ ಟವರಿಗೆ ಹೋಯ್ತು ಅಂತ ಲೆಕ್ಕ ಹಾಕಿತು. ಭೂಕಂಪದ ದಿನ ರಾಜಧಾನಿ ಪೋರ್ಟ್ ಓ ಪ್ರಿನ್ಸ್‌ನಲ್ಲಿದ್ದ ಸುಮಾರು 6.3 ಲಕ್ಷ ಜನ 19 ದಿನಗಳಲ್ಲಿ ನಗರ ಬಿಟ್ಟಿದ್ರು ಅನ್ನೋದು ಅವರ ಅಂದಾಜು. ಶಿಬಿರದ ಪಟ್ಟಿಯಲ್ಲಿ ಇಲ್ಲದವರೂ ಈ ಲೆಕ್ಕದಲ್ಲಿ ಕಾಣ್ತಾರೆ. ಓದಿದಾಗ ರೋಮಾಂಚನ ಆಯ್ತು. ಇದನ್ನೇ ನಮ್ಮ ಜಿಲ್ಲೆಗೂ ತರಬಹುದಲ್ಲ ಅಂದ್ಕೊಂಡೆ.

ಆಮೇಲೆ ದೊಡ್ಡವ್ವನ ಮನೆ ನೆನಪಾಯ್ತು. ಆ ಮನೆಗೆ ಇದ್ದದ್ದು ಒಂದೇ ಮೊಬೈಲು. ಅದು ನೆರೆ ಬಂದಾಗ ಕಿರಿಯ ಮಗನ ಜೇಬಿನಲ್ಲಿ, ಬೆಂಗಳೂರಿನ ಕಟ್ಟಡದ ಕೆಲಸದಲ್ಲಿತ್ತು. ಟವರ್ ಲೆಕ್ಕದಲ್ಲಿ ನಮ್ಮ ದೊಡ್ಡವ್ವ ಮಾರತ್ತಹಳ್ಳಿಯಲ್ಲಿ ಆರಾಮಾಗಿದ್ದಾಳೆ!

ಇದು ತಮಾಷೆಯಲ್ಲ. ದೇವದುರ್ಗ, ಮಾನ್ವಿ, ಲಿಂಗಸುಗೂರು ಕಡೆ ಗುಳೆ ಅನ್ನೋದು ಗೊತ್ತಿಲ್ಲದವರಿಲ್ಲ. ಸುಗ್ಗಿ ಇಲ್ಲದಾಗ ಗಂಡ ಹೆಂಡತಿ ಕೂಸು ಸಮೇತ ಬೆಂಗಳೂರು, ಪುಣೆ, ಮುಂಬೈ. ಮನೆಯಲ್ಲಿ ಮುದುಕರು, ಶಾಲೆ ಮಕ್ಕಳು. ನೆರೆ ಬಂದ ದಿನ ಮನೆ ಕಳ್ಕೊಂಡವರಲ್ಲಿ ಎಷ್ಟೋ ಜನ ಊರಲ್ಲೇ ಇರೋದಿಲ್ಲ. ಬಂದು ತಲುಪೋ ಹೊತ್ತಿಗೆ ಪಟ್ಟಿ ಮುಗಿದಿರುತ್ತೆ.

ದೊಡ್ಡವ್ವನ ಮನೆಯಲ್ಲಿ ಆದದ್ದೂ ಅದೇ. ಮಣ್ಣಿನ ಮನೆ, ಒಂದು ಬಾಗಿಲು, ಮೂರು ಒಲೆ. ಹಿರಿಯ ಮಗನದ್ದೊಂದು, ಕಿರಿಯ ಮಗನದ್ದೊಂದು, ಮುದುಕ ಮುದುಕಿಯದ್ದೊಂದು. ಬೇರೆಯಾಗಿ ವರ್ಷಗಳಾಗಿದ್ರೂ ರೇಷನ್ ಕಾರ್ಡು ಮಾತ್ರ ದೊಡ್ಡಪ್ಪನ ಹೆಸರಲ್ಲೇ. ಬರೆದುಕೊಂಡವರು ಬಾಗಿಲು ಎಣಿಸಿದ್ರು, ಒಂದು ಮನೆ ಅಂದ್ರು. ನಾಲ್ಕನೇ ದಿನ ಕಿರಿಯ ಮಗ ಬಂದು ಕೇಳಿದ್ರೆ, 'ನೀ ಕ್ಯಾಂಪಿನಾಗ ಇದ್ದಿಲ್ಲಲ್ಲಪ, ನಿನ್ನ ಹೆಸರು ಹೆಂಗ ಬರೀಲಿ?' ಬರೆದುಕೊಂಡವರನ್ನ ಬೈಯೋಕೆ ಮನಸ್ಸಿಲ್ಲ. ಅವರ ಮನೆಯೂ ಸೋರ್ತಿತ್ತು, ಒಬ್ಬರಿಗೆ ನಾಲ್ಕೈದು ಊರಿನ ಜವಾಬ್ದಾರಿ.

ಆದ್ರೆ ಆ ಒಂದು ಸಾಲಿನ ಬೆಲೆ ಆಮೇಲೆ ಗೊತ್ತಾಯ್ತು. ದಾನಿಗಳು, ಕಂಪನಿಗಳು, ಮಠಗಳನ್ನ ಸೇರಿಸಿಕೊಂಡು ಸರ್ಕಾರ 'ಆಸರೆ' ಯೋಜನೆ ಮಾಡಿತು. ಹೊಳೆಯಿಂದ ದೂರ, ಎತ್ತರದ ಜಾಗದಲ್ಲಿ ಹೊಸ ಮನೆಗಳು. ನಮ್ಮವರಿಗೆ ಬಂದದ್ದು ಒಂದು. ಮೂರು ಒಲೆಗೆ ಒಂದು ಮನೆ. ಅಣ್ಣ ತಮ್ಮಂದಿರು ಮಾತು ಬಿಟ್ಟದ್ದು ನೆರೆಯಿಂದಲ್ಲ, ಆ ಮನೆಯಿಂದ. ಕಿರಿಯವನು ಕಚೇರಿಗೆ ಎರಡು ವರ್ಷ ಅಲೆದ. ಯಾವ ಕಚೇರಿ ಅನ್ನೋದು ಬೇಡ. ಪ್ರತಿ ಸಲವೂ ತೋರಿಸಿದ್ದು ಅದೇ ಮೊದಲ ಪಟ್ಟಿ.

ಆಸರೆ ಮನೆಗಳು ಅನೇಕ ಕಡೆ ಖಾಲಿ ಬಿದ್ದಿವೆ, ಸುತ್ತ ಜಾಲಿ ಬೆಳೆದಿದೆ ಅಂತ ಪೇಪರಿನಲ್ಲಿ ಆಗಾಗ ಓದಿರ್ತೀರಿ. 'ಕೊಟ್ರೂ ಹೋಗಲ್ಲ ನೋಡಿ ಜನ' ಅನ್ನೋ ಮಾತೂ ಕೇಳಿರ್ತೀರಿ. ದೊಡ್ಡವ್ವನನ್ನೇ ಕೇಳಿದೆ. 'ಎಮ್ಮಿ ಎಲ್ಲಿ ಕಟ್ಟಲಿ ತಮ್ಮಾ? ಕಾಳು ಎಲ್ಲಿ ಹಾಕಲಿ? ಹೊಲ ಹೊಳಿ ದಂಡಿಗೆ ಐತಿ, ಮನಿ ಗುಡ್ಡದ ಬುಡಕ ಐತಿ. ನಸಿಕಿನ್ಯಾಗ ಹೋಗಿ ಬರಾಕ ನನ್ನ ಕಾಲು ಕೇಳಬೇಕಲ್ಲ.' ಮುಂದೆ ಎಲ್ಲಿ ಇರ್ತೀರಿ, ಯಾಕೆ ಅನ್ನೋದು ಡಿಟಿಎಂ ಫಾರ್ಮಿನಲ್ಲಿ ಮಾಮೂಲಿ ಪ್ರಶ್ನೆ. ಶಾಲೆಯಲ್ಲಿದ್ದ ಅಷ್ಟು ದಿನದಲ್ಲಿ ಅವಳಿಗೆ ಅದನ್ನ ಕೇಳಿದವರೇ ಇಲ್ಲವಂತೆ.

ಹತ್ತು ವರ್ಷ ಬಿಟ್ಟು, 2019ರ ಆಗಸ್ಟ್. ಈ ಸಲ ಕೃಷ್ಣೆ. ಮಹಾರಾಷ್ಟ್ರದ ಮಳೆ, ನಾರಾಯಣಪುರದ ಬಸವಸಾಗರದಿಂದ ಬಿಟ್ಟ ನೀರು 6 ಲಕ್ಷ ಕ್ಯೂಸೆಕ್ ದಾಟಿತ್ತು. ನಮ್ಮಲ್ಲಿ ಬಿತ್ತಿದ ಬೀಜಕ್ಕೆ ಮಳೆ ಇಲ್ಲ, ಹೊಳೆ ಮಾತ್ರ ಉಕ್ಕಿ ಹರೀತಿತ್ತು. ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆ ಮುಳುಗಿ ಶಹಾಪುರದ ಕಡೆ ದಾರಿ ಬಂದ್ ಆಯ್ತು. ಹಿರೇರಾಯನಕುಂಪಿಯ ಒಬ್ಬ ಶಾಲಾ ಹುಡುಗ, ಕಾಣದ ಸೇತುವೆ ಮೇಲೆ ಸೊಂಟದಷ್ಟು ನೀರಲ್ಲಿ ಮುಂದೆ ಓಡ್ತಾ ಆಂಬುಲೆನ್ಸಿಗೆ ದಾರಿ ತೋರಿಸಿದ ವಿಡಿಯೋ ನೀವೂ ನೋಡಿರಬಹುದು. ಅವನಿಗೆ ರಾಷ್ಟ್ರೀಯ ಶೌರ್ಯ ಪ್ರಶಸ್ತಿ ಬಂತು. ಆ ಆಂಬುಲೆನ್ಸಿನಲ್ಲಿ ಇದ್ದವರೂ, ದಂಡೆಯ ಎರಡೂ ಕಡೆ ಆಸ್ಪತ್ರೆಗೆ, ಕಾಲೇಜಿಗೆ, ಸಂತೆಗೆ ಹೋಗಲಾರದೆ ನಿಂತವರೂ ಯಾವ ಕೇಂದ್ರದ ಪಟ್ಟಿಗೂ ಬರೋದಿಲ್ಲ. ರಾಯಚೂರು ತಾಲ್ಲೂಕಿನ ಕುರ್ವಕುರ್ದ, ಕುರ್ವಕಲಾ ನಡುಗಡ್ಡೆಗಳಲ್ಲಿ ದನ ಬಿಟ್ಟು ಬರಲ್ಲ ಅಂದವರೂ ಇದ್ರು. ಅವರು ಸ್ಥಳಾಂತರ ಆದವರಲ್ಲ ಅಂತ ಲೆಕ್ಕ. ಹಾಗಂತ ಅವರಿಗೆ ಬಿಪಿ ಮಾತ್ರೆ ಬೇಡವಾ?

2019ರಲ್ಲಿ ಮೊಬೈಲು, ಆ್ಯಪು ಬಂದಿದ್ವು. ತಕ್ಷಣದ ಪರಿಹಾರ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ, ಬಿದ್ದದ್ದು ಎಷ್ಟು ಅಂತ ಎ, ಬಿ, ಸಿ. ಫೋಟೋ ತೆಗೆದು ಅಪ್‌ಲೋಡ್. ನೋಟ್‌ಬುಕ್ಕಿಗಿಂತ ಎಷ್ಟೋ ಮೇಲು, ಸುಳ್ಳು ಹೆಸರು ಸೇರಿಸೋದು ಕಷ್ಟ. ಆದ್ರೆ ಫೋಟೋ ತೆಗೆಯೋದು ಗೋಡೆಯದ್ದು. ಒಲೆ ಅಲ್ಲೂ ಕಾಣೋದಿಲ್ಲ.

ನಮ್ಮಂಥ ಟೆಕ್ಕಿಗಳಿಗೆ ಇಂಥ ಹೊತ್ತಲ್ಲಿ ಕೈ ತುರಿಸುತ್ತೆ. 2018ರಲ್ಲಿ ಕೇರಳದ ನೆರೆಗೆ ಸ್ವಯಂಸೇವಕ ಎಂಜಿನಿಯರುಗಳು ಸರ್ಕಾರದ ಜೊತೆ ಸೇರಿ ಕಟ್ಟಿದ ವೆಬ್‌ಸೈಟು ನಿಜವಾಗಲೂ ಕೆಲಸ ಮಾಡಿತು. ಅಲ್ಲಿ ಕೋಡ್ ಬರೆದವರಷ್ಟೇ ದುಡಿದವರು, ಬಂದ ಕೋರಿಕೆಗೆ ತಿರುಗಿ ಫೋನ್ ಮಾಡಿ 'ನಿಜಾನಾ, ಎಷ್ಟು ಜನ ಇದ್ದೀರಿ' ಅಂತ ಕೇಳಿದವರು. ನಮ್ಮ ಹಳ್ಳಿಯಲ್ಲಿ ಆ ಕೆಲಸಕ್ಕೆ ಆ್ಯಪೇ ಬೇಕಿಲ್ಲ. ಅಂಗನವಾಡಿ ಟೀಚರ್ ಹತ್ರ ಪ್ರತಿ ಕೂಸಿನ ತೂಕ ಇದೆ. ಆಶಾ ಕಾರ್ಯಕರ್ತೆಗೆ ಯಾರಿಗೆ ತಾಯಿ ಕಾರ್ಡ್ ಆಗಿದೆ, ಯಾರಿಗೆ ಯಾವಾಗ ದಿನ ತುಂಬುತ್ತೆ ಅಂತ ಬಾಯಿಪಾಠ. ಗುಳೆ ಯಾರು ಹೋಗಿದ್ದಾರೆ ಅನ್ನೋದೂ ಅವರಿಗೆ ಗೊತ್ತು, ಯಾಕಂದ್ರೆ ಆ ಮನೆ ಕೂಸು ಅಂಗನವಾಡಿಗೆ ಬರೋದು ನಿಂತಿರುತ್ತೆ. ಕಂದಾಯ ಇಲಾಖೆಯ ಪಟ್ಟಿಗೂ ಇವರ ರಿಜಿಸ್ಟರಿಗೂ ಮಾತುಕತೆಯೇ ಇಲ್ಲದಿರೋದು ನನಗೆ ಈಗಲೂ ಬಗೆಹರಿಯದ ಒಗಟು.

ಅಗತ್ಯಗಳ ಲೆಕ್ಕಕ್ಕೂ ಅಳತೆ ಇಲ್ಲ ಅಂತಲ್ಲ. ವಿಪತ್ತು ನಿರ್ವಹಣಾ ಕಾಯ್ದೆ 2005ರದ್ದು. ಅದರಡಿ ರಾಷ್ಟ್ರೀಯ ಪ್ರಾಧಿಕಾರ ಹೊರಡಿಸಿದ ಕನಿಷ್ಠ ಮಾನದಂಡದಲ್ಲಿ ಒಬ್ಬರಿಗೆ 3.5 ಚದರ ಮೀಟರ್ ಸೂರಿನ ಜಾಗ, 30 ಮಂದಿಗೆ ಒಂದು ಶೌಚಾಲಯ ಅಂತಿದೆ. 20 ಅಡಿಗೆ 20 ಅಡಿಯ ಕ್ಲಾಸ್‌ರೂಮು ಅಂದ್ರೆ ಸುಮಾರು 37 ಚದರ ಮೀಟರ್, ಹತ್ತು ಜನಕ್ಕೆ ಸರಿ. 2009ರಲ್ಲಿ ನಾನು ನೋಡಿದ ಕೋಣೆಯಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಶೌಚಾಲಯ ಶಾಲೆ ಹಿಂದೆ, ದೀಪ ಇಲ್ಲ. ಹೆಂಗಸರು ಕತ್ತಲಾಗೋ ತನಕ ಕಾಯ್ತಿದ್ರು, ಕತ್ತಲಾದ ಮೇಲೆ ಹೆದರ್ತಿದ್ರು. ಬಂದ ಅಧಿಕಾರಿಗಳು ಕಟ್ಟೆ ಮೇಲೆ ಕೂತ ಹಿರಿಯರನ್ನ 'ಏನು ಕೊರತೆ?' ಅಂತ ಕೇಳಿದ್ರೆ 'ಅನ್ನ ಸಾರು ಚಲೋ ಐತ್ರಿ' ಅನ್ನೋ ಉತ್ತರ. ಹೆಂಗಸರನ್ನ ಬೇರೆ ಕೂಡಿಸಿ ಕೇಳಿ ಅಂತ ಹೊರದೇಶದ ಕೈಪಿಡಿಗಳು ಒತ್ತಿ ಹೇಳೋದು ಇದಕ್ಕೇ.

ಜೊತೆಗೆ ಒಂದು ಹೆದರಿಕೆಯೂ ಇದೆ. ಎಲ್ಲ ಕಾಲಂ ತುಂಬಿದ ಪಟ್ಟಿ ಅಂದ್ರೆ ಯಾವ ಮನೆಯಲ್ಲಿ ಒಂಟಿ ಹೆಂಗಸು ಇದ್ದಾಳೆ, ಯಾರ ಆಧಾರ್ ನಂಬರ್ ಏನು ಅಂತ ಎಲ್ಲ ಇರೋ ಪಟ್ಟಿ. ಅದು ವಾಟ್ಸಾಪಿನಲ್ಲಿ ಪಿಡಿಎಫ್ ಆಗಿ ಓಡಾಡೋಕೆ ಶುರುವಾದ್ರೆ ಗೋಡೆಗೆ ಅಂಟಿಸಿದ್ದಕ್ಕಿಂತ ಕಡೆ. ಎಣಿಸೋಕೆ ಬೇಕಾದಷ್ಟು ಸಂಖ್ಯೆ ಮೇಲಕ್ಕೆ ಹೋಗಲಿ, ಹೆಸರು ಊರಲ್ಲೇ ಇರಲಿ ಅನ್ನೋದು ನನ್ನ ವಾದ. ಗೆಳೆಯರು ಒಪ್ಪಲ್ಲ. ಹೆಸರಿಲ್ಲದೆ ಪರಿಹಾರ ಹಾಕೋದು ಯಾರ ಖಾತೆಗೆ ಅಂತಾರೆ. ಅದೂ ಸರಿಯೇ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋಯ್ತು. ಹೊಳೆ ದಂಡೆಯ ಊರುಗಳಿಗೆಲ್ಲ ಎಚ್ಚರಿಕೆ. ಸುದ್ದಿ ನೋಡಿ ದೊಡ್ಡವ್ವನಿಗೆ ಫೋನ್ ಮಾಡಿದೆ. ಅವಳು ಈಗಲೂ ಹಳೇ ಊರಲ್ಲೇ ಇರೋದು. ಆಸರೆ ಮನೆಯಲ್ಲಿ ಹೊಟ್ಟು ಮೇವು ತುಂಬಿದ್ದಾರೆ. ಮಾತಾಡ್ತಾ ಮಾತಾಡ್ತಾ ಒಂದು ಗೂಗಲ್ ಶೀಟ್ ತೆರೆದೆ. ಬಾಗಿಲ ಕಾಲಂ ಹಾಕಲೇ ಇಲ್ಲ. ಒಲೆ, ರಾತ್ರಿ ಮಲಗೋರು, ಹಗಲು ಎಲ್ಲಿ, ಗುಳೆ ಎಲ್ಲಿ, ದಿನದ ಮಾತ್ರೆ, ದನ ಎಮ್ಮೆ. ಅವಳು ಹೇಳ್ತಾ ಹೋದಳು, ಮೊಮ್ಮಗಳು ನಡುನಡುವೆ ತಿದ್ದಿದಳು. ಒಂದು ಓಣಿ ಮುಗಿಸೋಕೆ ಒಂದೂವರೆ ತಾಸು. ಒಂದು ವಾರದಲ್ಲಿ ಗೇಟಿನ ಜಾಗಕ್ಕೆ ತಾತ್ಕಾಲಿಕ ತಡೆ ಕೂಡಿಸಿದ್ರು, ಊರಿಗೆ ನೀರು ಬರಲಿಲ್ಲ. ಶೀಟಿನ ಲಿಂಕು ಮೊಮ್ಮಗಳ ಹತ್ರ, ಅಂಗನವಾಡಿ ಟೀಚರ್ ಹತ್ರ ಇದೆ, ಅಷ್ಟೇ.

ಮೊನ್ನೆ ದೊಡ್ಡವ್ವನದೇ ಫೋನು. 'ತಮ್ಮಾ, ನಿನ್ನ ಪಟ್ಟಿಯಾಗ ಎರಡು ತಿದ್ದಬೇಕು ನೋಡು. ಕರಿ ಎಮ್ಮಿ ಮಾರೀವಿ. ಸಣ್ಣಾಂವ ಬೆಂಗಳೂರಿನಿಂದ ಬಂದಾನ, ಇನ್ನ ಹೋಗಲ್ಲ ಅಂತಾನ. ಅವಂದೊಂದು ಒಲಿ ಬ್ಯಾರೇನ ಬರಕೋ.'