ಕ್ವಾರ್ಟ್, ಘನ ಮೀಟರ್ ಮತ್ತು ನಮ್ಮ ಹೊಂಡದ ನೀರು



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಅಡಿಕೆ ಇಟ್ಟವರಿಗೆ ಮಲೆನಾಡಿನವರಂತೆ ಮಳೆಯ ಭರವಸೆ ಇಲ್ಲ. ನಮ್ಮ ತೋಟ ಉಳಿಯುವುದು ಅಳೆದು ಕೊಟ್ಟ ನೀರಿನಿಂದ. ಅಳತೆ ತಪ್ಪಿದರೆ ತೋಟವೇ ತಪ್ಪಿತು.

ಈಚೆಗೆ ಸದಸ್ಯರೊಬ್ಬರು ಹಳೆಯ ಪಂಪಿನ ಕೈಪಿಡಿ ತಂದು, "ನಿಮಿಷಕ್ಕೆ 40 ಕ್ವಾರ್ಟ್ ಅಂತ ಬರೆದಾರ, ಎಷ್ಟು ನೀರ್ರೀ ಇದು?" ಎಂದು ಕೇಳಿದರು. ನಾಲ್ಕು ಕ್ವಾರ್ಟಿಗೆ ಒಂದು ಗ್ಯಾಲನ್. ಆದರೆ ಬ್ರಿಟಿಷ್ ಕ್ವಾರ್ಟ್ 1.136 ಲೀಟರ್, ಅಮೆರಿಕದ್ದು 0.946 ಲೀಟರ್. 1000 ಲೀಟರಿಗೆ ಒಂದು ಘನ ಮೀಟರ್. ಆದ್ದರಿಂದ ಬ್ರಿಟಿಷ್ ಕ್ವಾರ್ಟನ್ನು 880ರಿಂದ, ಅಮೆರಿಕದ್ದನ್ನು 1057ರಿಂದ ಭಾಗಿಸಿದರೆ ಘನ ಮೀಟರ್ ಸಿಗುತ್ತದೆ. ಆ ಪಂಪು ಗಂಟೆಗೆ ಎತ್ತುವುದು 2400 ಕ್ವಾರ್ಟ್, ಅಂದರೆ 2.73 ಅಥವಾ 2.27 ಘನ ಮೀಟರ್. ಯಾವ ದೇಶದ್ದೆಂದು ತಿಳಿಯದಿದ್ದರೆ 200 ಲೀಟರಿನ ಡ್ರಮ್ಮಿಟ್ಟು ಗಡಿಯಾರ ನೋಡಿರಿ. ಐದು ನಿಮಿಷಕ್ಕೆ ತುಂಬಿದರೆ ಗಂಟೆಗೆ 2.4 ಘನ ಮೀಟರ್. ಕೈಪಿಡಿಗಿಂತ ಡ್ರಮ್ಮೇ ನಂಬಿಕೆಯದು.

ಈಗ ಹೊಂಡಕ್ಕೆ ಬರೋಣ. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ 537 ಗಿಡ. ಬೇಸಿಗೆಯಲ್ಲಿ ಹನಿ ನೀರಾವರಿಯಿಂದ ಗಿಡಕ್ಕೆ ದಿನಕ್ಕೆ 20 ಲೀಟರ್ ಎಂದರೆ 10.74 ಘನ ಮೀಟರ್. ಫೆಬ್ರವರಿಯಿಂದ ಮೇ ಕೊನೆಯವರೆಗೆ 120 ದಿನಕ್ಕೆ ಸುಮಾರು 1289 ಘನ ಮೀಟರ್ ಬೇಕು.

ನನ್ನ ಹೊಂಡ 21 ಮೀಟರ್ ಉದ್ದ, 21 ಅಗಲ, 3 ಆಳ. ಗುಣಿಸಿದೆ: 1323. ಸಾಕೆಂದು ನಿಶ್ಚಿಂತನಾದೆ. ಪದವಿ ಓದಿದವನಿಗೂ ಹೊಂಡದ ಬದಿ ಇಳಿಜಾರೆಂಬುದು ಮರೆತಿತ್ತು! ತಳ 15ಕ್ಕೆ 15 ಮಾತ್ರ. ಸರಿಯಾದ ಲೆಕ್ಕ ಹೀಗೆ: ಮೇಲಿನ ವಿಸ್ತೀರ್ಣ 441, ತಳದ್ದು 225, ನಡುವಿನ 18ಕ್ಕೆ 18ರ ನಾಲ್ಕು ಪಟ್ಟು 1296. ಮೂರನ್ನೂ ಕೂಡಿಸಿ, ಆಳದಿಂದ ಗುಣಿಸಿ, ಆರರಿಂದ ಭಾಗಿಸಿದರೆ 981. ಅದು 91 ದಿನಕ್ಕಷ್ಟೇ ಸಾಕು. ಬಿಸಿಲಿಗೆ ಆರಿದ್ದು, ನೆಲಕ್ಕೆ ಇಂಗಿದ್ದು ಬೇರೆ. ಏಪ್ರಿಲ್ ನಡುವಿಗೇ ತಳ ಕಂಡಿತು. ಟ್ಯಾಂಕರ್ ತರಿಸಿದೆ, 6000 ಲೀಟರೆಂದರೆ 6 ಘನ ಮೀಟರ್, ಎಕರೆಗೆ ಒಂದು ದಿನಕ್ಕೂ ಸಾಲದು. ಆ ವರ್ಷ ಎಳೆಯ ಗಿಡಗಳು ಕೆಲವು ಹೋದವು.

ಆದುದರಿಂದ ಬಾಂಧವರೇ, ಗಿಡ ಕೂರಿಸುವ ಮುನ್ನ ಹೊಂಡದ ಮೇಲಿನ ಅಳತೆ, ತಳದ ಅಳತೆ, ಆಳ ಮೂರನ್ನೂ ಚೀಟಿಯಲ್ಲಿ ಬರೆದು ಕಚೇರಿಗೆ ತನ್ನಿರಿ. ಲೆಕ್ಕ ಕೂಡಿ ಮಾಡೋಣ. ನೀರಿದ್ದಷ್ಟೇ ಗಿಡ ಇಡೋಣ.

— ಕಾರ್ಯದರ್ಶಿ