ಮೂತ್ರಕೋಶದ ಕ್ಯಾನ್ಸರಿಗೆ ಕೂಡು ಚಿಕಿತ್ಸೆ

ಬೇಸಿಗೆ ಬಂತೆಂದರೆ ಸ್ಟೇಶನ್ ಬಜಾರದ ನಮ್ಮ ಚಿಕಿತ್ಸಾಲಯದಲ್ಲಿ ಉರಿಮೂತ್ರದ ರೋಗಿಗಳು ಹೆಚ್ಚುತ್ತಾರೆ. ಕಲಬುರಗಿಯ ಬಿಸಿಲಿಗೆ ಇದು ಸಹಜವೇ. ಆದರೆ ಉರಿಯೂ ನೋವೂ ಇಲ್ಲದೆ ಮೂತ್ರ ಕೆಂಪಾದರೆ ಅದನ್ನು ‘ಉಷ್ಣ’ವೆಂದು ಕೈಬಿಡಲಾಗದು. ಹಲವು ವರ್ಷಗಳ ಹಿಂದೆ ಬೀಡಿ ಸೇದುವ ಹಿರಿಯರೊಬ್ಬರಿಗೆ ನಾವೇ ನೆಗ್ಗಿಲುಮುಳ್ಳಿನ ಕಷಾಯ ಕೊಟ್ಟೆವು. ರಕ್ತ ನಿಂತಿತು, ಔಷಧದ ಗುಣವೆಂದು ಇಬ್ಬರೂ ನಂಬಿದೆವು. ನಾಲ್ಕು ತಿಂಗಳ ಬಳಿಕ ರಕ್ತ ಮತ್ತೆ ಕಂಡಾಗ ಗಡ್ಡೆ ಮೂತ್ರಕೋಶದ ಸ್ನಾಯುವಿಗೆ ಇಳಿದಿತ್ತು. ಈ ಕ್ಯಾನ್ಸರಿನ ರಕ್ತಸ್ರಾವ ತಾನಾಗಿ ನಿಂತು ಮತ್ತೆ ಬರುವಂಥದು ಎಂಬುದನ್ನು ಅಂದು ನಾವು ಮರೆತಿದ್ದೆವು.

ಚರಕಾಚಾರ್ಯರು ಶಿರಸ್ಸು, ಹೃದಯಗಳೊಡನೆ ಬಸ್ತಿಯನ್ನೂ, ಅಂದರೆ ಮೂತ್ರಕೋಶವನ್ನೂ, ಪ್ರಧಾನ ಮರ್ಮವೆಂದು ಎಣಿಸಿದ್ದಾರೆ. ಗಡ್ಡೆ ಸ್ನಾಯುವಿಗೆ ಇಳಿದಾಗ ಈ ಮರ್ಮವನ್ನೇ ತೆಗೆದುಹಾಕುವುದು ರೂಢಿಯ ಶಸ್ತ್ರಚಿಕಿತ್ಸೆ. ಅನೇಕರು ಬಳಿಕ ಹೊಟ್ಟೆಯ ಮೇಲೆ ಮೂತ್ರದ ಚೀಲ ಅಂಟಿಸಿಕೊಂಡು ಬಾಳಬೇಕಾಗುತ್ತದೆ. ಆಯ್ದ ರೋಗಿಗಳಿಗೆ ಮತ್ತೊಂದು ದಾರಿಯುಂಟು. ಮೂತ್ರದ ದಾರಿಯಲ್ಲಿ ದುರ್ಬೀನು ಹಾಕಿ ಗಡ್ಡೆಯನ್ನು ಸಾಧ್ಯವಾದಷ್ಟು ಕೆರೆದು ತೆಗೆದು, ಅನಂತರ ಕೀಮೋಥೆರಪಿ ಮತ್ತು ವಿಕಿರಣವನ್ನು ಒಟ್ಟಿಗೆ ಕೊಡುತ್ತಾರೆ. ಸಿಸ್‌ಪ್ಲಾಟಿನ್‌ನಂಥ ಔಷಧ ಕ್ಯಾನ್ಸರ್ ಕೋಶಗಳನ್ನು ದುರ್ಬಲಗೊಳಿಸಿ ವಿಕಿರಣದ ಪೆಟ್ಟು ಆಳವಾಗಿ ತಾಗುವಂತೆ ಮಾಡುತ್ತದೆ.

ಇವುಗಳೊಡನೆ ಕೂಡಿಸಲು ನೋಡುತ್ತಿರುವ ಮೂರನೆಯದು ಇಮ್ಯುನೊಥೆರಪಿ. ಮೂತ್ರಕೋಶಕ್ಕೆ ಇದು ಹೊಸದಲ್ಲ. ಹಸುಗೂಸಿನ ತೋಳಿಗೆ ಚುಚ್ಚುವ ಬಿಸಿಜಿ ಲಸಿಕೆಯನ್ನೇ ಮೂತ್ರಕೋಶದೊಳಗೆ ತುಂಬಿ ಕಂಡ ಫಲವನ್ನು ಕೆನಡಾದ ಡಾ. ಮೊರಾಲೆಸ್ 1976ರಲ್ಲಿ ಪ್ರಕಟಿಸಿದರು. ಒಳಪದರದಲ್ಲಿಯೇ ಇರುವ ಗಡ್ಡೆಗಳಿಗೆ ಇಂದಿಗೂ ಅದನ್ನು ಬಳಸುತ್ತಾರೆ. ಪೆಂಬ್ರೊಲಿಜುಮ್ಯಾಬ್ ಮೊದಲಾದ ಈಚಿನ ಔಷಧಗಳು ರಕ್ಷಕ ಕೋಶಗಳಿಗೆ ಕ್ಯಾನ್ಸರ್ ತೊಡಿಸಿದ ಕಡಿವಾಣವನ್ನು ಬಿಚ್ಚುತ್ತವೆ. ವಿಕಿರಣದಿಂದ ಸತ್ತ ಕೋಶಗಳ ಚೂರುಗಳನ್ನು ಕಂಡು ಆ ರಕ್ಷಕರು ವೈರಿಯ ಗುರುತು ಹಿಡಿದಾರೆಂಬುದು ಮೂರನ್ನೂ ಕೂಡಿಸುವುದರ ಹಿಂದಿನ ವಿಚಾರ. ಈ ತ್ರಿವಿಧ ಜೋಡಣೆ ಇನ್ನೂ ಎಲ್ಲರಿಗೂ ಕೊಡುವ ಚಿಕಿತ್ಸೆಯಾಗಿಲ್ಲ, ಸಂಶೋಧನೆ ನಡೆದಿದೆ. ಶಸ್ತ್ರಚಿಕಿತ್ಸೆಗೆ ಮೊದಲು ಕೀಮೋದೊಡನೆ, ಅನಂತರವೂ ಡುರ್ವಾಲುಮ್ಯಾಬ್ ಕೊಟ್ಟಾಗ ಬದುಕುಳಿದವರು ಹೆಚ್ಚೆಂದು 2024ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ.

ಇನ್ನು ನಮ್ಮ ಪದ್ಧತಿಯ ಕುರಿತು ಒಂದು ನಿಷ್ಠುರದ ಮಾತು. ಕಡಿವಾಣ ಬಿಚ್ಚಿದ ರಕ್ಷಕ ಕೋಶಗಳು ಕೆಲವೊಮ್ಮೆ ಸ್ವಂತ ಕರುಳು, ಶ್ವಾಸಕೋಶ, ಥೈರಾಯ್ಡ್ ಗ್ರಂಥಿಗಳ ಮೇಲೆಯೇ ಎರಗುತ್ತವೆ. ಆಗ ‘ಶಕ್ತಿ ಬರಲೆಂದು’ ಲೇಹ್ಯ ತಿನ್ನಿಸುವುದು ಸಲ್ಲದು. ಭೇದಿ ನಿಲ್ಲದಿದ್ದರೆ, ಉಸಿರು ಕಟ್ಟಿದರೆ ಅಂದೇ ಕ್ಯಾನ್ಸರ್ ತಜ್ಞರಿಗೆ ತಿಳಿಸಬೇಕು. ಹಳ್ಳಿಗಳಲ್ಲಿ ಕೊಡುವ ಈಶ್ವರಿ ಬೇರಂತೂ ಬೇಡವೇ ಬೇಡ. ಅದರಲ್ಲಿರುವ ಆಮ್ಲ ಮೂತ್ರಪಿಂಡವನ್ನು ಕೆಡಿಸುತ್ತದೆ, ಮೂತ್ರಮಾರ್ಗದ ಕ್ಯಾನ್ಸರನ್ನೂ ತರುತ್ತದೆ. ಸಿಸ್‌ಪ್ಲಾಟಿನ್ ಮೊದಲೇ ಮೂತ್ರಪಿಂಡಕ್ಕೆ ಭಾರ.

ಹಿಂದೆ ಈ ರೋಗಕ್ಕೆಂದು ಜನ ಬಾರ್ಶಿಗೋ ಹೈದರಾಬಾದಿಗೋ ರೈಲು ಹತ್ತುತ್ತಿದ್ದರು. ಈಗ ಕಲಬುರಗಿಯಲ್ಲಿಯೇ ಕಿದ್ವಾಯಿ ಸಂಸ್ಥೆಯ ಕೇಂದ್ರವಿದೆ. ಅಲ್ಲಿಗೆ ಹೋಗುವಾಗ ನಮ್ಮಂಥ ವೈದ್ಯರು ಬರೆದುಕೊಟ್ಟ ಚೀಟಿಗಳನ್ನೂ ಮರೆಮಾಚದೆ ಒಯ್ದು ತೋರಿಸಿರಿ.